ಗಾಲಿಮನೆಗೆ ಬಂದ ಕರೆಂಟು

1962ರಲ್ಲಿ ಸಿಯಾಟಲ್ ವಿಶ್ವಮೇಳಕ್ಕೆ ಹೊರಟ ಕುಟುಂಬಗಳು ಮೊಂಟಾನಾದ ಬಿಲ್ಲಿಂಗ್ಸ್ ಊರನ್ನು ಹಾದುಹೋಗುತ್ತಿದ್ದವು. ರಾತ್ರಿ ತಂಗಲು ಅವರಿಗೆ ಜಾಗವಿರಲಿಲ್ಲ. ಅದನ್ನು ಕಂಡ ಡೇವ್ ಡ್ರಮ್ ಎಂಬ ಉದ್ಯಮಿ ಯೆಲ್ಲೋಸ್ಟೋನ್ ನದಿಯ ದಂಡೆಯಲ್ಲಿದ್ದ ತನ್ನ ಜಮೀನಿನಲ್ಲಿ ಶಿಬಿರತಾಣ ತೆರೆದ. ಬಿಸಿನೀರಿನ ಸ್ನಾನ, ಶೌಚಾಲಯ, ಪುಟ್ಟ ಅಂಗಡಿ, ರಾತ್ರಿಯೊಂದಕ್ಕೆ 1.75 ಡಾಲರ್. ಕೆಒಎ ಎಂಬ ದೊಡ್ಡ ಶಿಬಿರ ಸರಣಿ ಹುಟ್ಟಿದ್ದು ಹೀಗೆ.

ಅಮೆರಿಕನ್ನರು ಆರ್‌ವಿ ಎನ್ನುವ ಗಾಲಿಮನೆ ಅದಕ್ಕಿಂತ ಹಳೆಯದು. 1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ ಮಲಗುವ ಸೌಕರ್ಯವಿದ್ದ ಕಾರನ್ನು ಪ್ರದರ್ಶಿಸಿತ್ತು. 1936ರಲ್ಲಿ ಬಂದ ಏರ್‌ಸ್ಟ್ರೀಮ್ ಕ್ಲಿಪ್ಪರ್‌ನಲ್ಲಿ ವಿದ್ಯುತ್ ದೀಪಗಳಿದ್ದವು. ದೀಪಕ್ಕೆ ಬೇಕಾದ ಕರೆಂಟು ಅತ್ಯಲ್ಪ. ಚಾವಣಿಯ ಮೇಲೆ ಏಸಿ ಬಂದ ಮೇಲೆ ಲೆಕ್ಕವೇ ಬದಲಾಯಿತು.

ಅಲ್ಲಿನ ಮನೆಬಳಕೆಯ ವೋಲ್ಟೇಜ್ 120, ನಮ್ಮ 230ರ ಅರ್ಧದಷ್ಟು. ಒಂದೇ ಕೆಲಸಕ್ಕೆ ಇಮ್ಮಡಿ ಕರೆಂಟು ಹರಿಯಬೇಕಾದ್ದರಿಂದ ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಬೇಗ ಕುಸಿಯುತ್ತದೆ. ಶಿಬಿರತಾಣದ ವಿದ್ಯುತ್ ಕಂಬಕ್ಕೆ ಸಿಕ್ಕಿಸುವ 30 ಆಂಪ್ ಪ್ಲಗ್ಗಿನ ಆರ್‌ವಿಗೆ ಸಿಗುವುದು 3,600 ವ್ಯಾಟ್. ಎರಡು ಏಸಿಗಳ ದೊಡ್ಡ ಗಾಡಿಗಳಿಗಾಗಿ ಬಂದ 50 ಆಂಪ್ ಪ್ಲಗ್ಗಿನಲ್ಲಿ ಎರಡು ಫೇಸ್ ತಂತಿಗಳಿದ್ದು, 12,000 ವ್ಯಾಟ್ ಸಿಗುತ್ತದೆ.

ಎಲ್ಲ ಗಾಡಿಗಳೂ ಏಕಕಾಲಕ್ಕೆ ಪೂರ್ತಿ ಕರೆಂಟು ಎಳೆಯುವುದಿಲ್ಲ ಎಂಬ ನಂಬಿಕೆ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲೇ ಇದೆ. 36 ಅಥವಾ ಹೆಚ್ಚು ನಿಲುಗಡೆಗಳಿರುವ ತಾಣಕ್ಕೆ ಕರೆಂಟು ಒಯ್ಯುವ ಫೀಡರ್‌ಗೆ ಒಟ್ಟು ಹೊರೆಯ ಶೇ. 41ರಷ್ಟನ್ನು ಲೆಕ್ಕ ಹಿಡಿದರೆ ಸಾಕು. ಸುಡುಬೇಸಿಗೆಯ ಸಂಜೆ ಈ ಲೆಕ್ಕ ಸೋಲುತ್ತದೆ. ಎಲ್ಲರ ಏಸಿಯೂ ಓಡುತ್ತದೆ, ಚಿಕ್ಕ ಗಾಡಿಗಳ ಕಾಲದಲ್ಲಿ ಎಳೆದ ತಂತಿ ಬಿಸಿಯಾಗುತ್ತದೆ, ಕೊನೆಯ ಕಂಬದಲ್ಲಿ ವೋಲ್ಟೇಜ್ ಇಳಿಯುತ್ತದೆ. ಆಗ ಏಸಿಯ ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಸುತ್ತುತಂತಿಯನ್ನೇ ಸುಟ್ಟುಕೊಳ್ಳಬಹುದು.

ಇದಕ್ಕಿಂತ ಕ್ರೂರವಾದದ್ದು ‘ನ್ಯೂಟ್ರಲ್ ಕಟ್’. 50 ಆಂಪ್ ಪ್ಲಗ್ಗಿನ ಎರಡು ಫೇಸ್‌ಗಳ ನಡುವೆ 240 ವೋಲ್ಟ್ ಇರುತ್ತದೆ. ಅದನ್ನು 120-120 ಆಗಿ ಸಮನಾಗಿ ಹಿಡಿದಿಡುವುದು ನ್ಯೂಟ್ರಲ್. ಅದು ಕಳಚಿದರೆ ಹೊರೆ ಹೆಚ್ಚಿರುವ ಕಡೆ ವೋಲ್ಟೇಜ್ ಕುಸಿಯುತ್ತದೆ, ಕಡಿಮೆಯಿರುವ ಕಡೆ ಮೇಲೇರುತ್ತದೆ. ಟಿವಿ, ಮೈಕ್ರೋವೇವ್, ಚಾರ್ಜರ್ ಕ್ಷಣದಲ್ಲಿ ಹೋಗುತ್ತವೆ.

ಮೂರನೆಯದು ಅಭ್ಯಾಸಬಲದ ತಪ್ಪು. ಅಮೆರಿಕದ ಮನೆಗಳಲ್ಲಿ 30 ಆಂಪ್ ಎಂದರೆ ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟ್ ಸಾಕೆಟ್. ಅದಕ್ಕೇ ಕೈ ಪಳಗಿದ ಎಲೆಕ್ಟ್ರಿಷಿಯನ್, ಆರ್‌ವಿಯ 120 ವೋಲ್ಟ್ ಸಾಕೆಟ್ಟಿಗೂ ಹಾಗೆಯೇ ತಂತಿ ಕೊಟ್ಟು ಗಾಡಿಯ ಉಪಕರಣಗಳನ್ನೆಲ್ಲ ಸುಡಿಸಿದ ಪ್ರಸಂಗಗಳಿವೆ.

ಈ ಅನುಭವಗಳೇ ಆರ್‌ವಿ ರಕ್ಷಣಾ ಸಾಧನಗಳಿಗೆ ಬೇಡಿಕೆ ತಂದವು. ವೋಲ್ಟೇಜ್ 104ಕ್ಕಿಂತ ಇಳಿದರೆ ಅಥವಾ 132 ದಾಟಿದರೆ ಅವು ಸಾಮಾನ್ಯವಾಗಿ ಸಂಪರ್ಕ ಕಡಿಯುತ್ತವೆ. ಬರಿಯ ಸರ್ಜ್ ಪ್ರೊಟೆಕ್ಟರ್ ಈ ಕೆಲಸ ಮಾಡುವುದಿಲ್ಲ. ಅದು ತಡೆಯುವುದು ಸಿಡಿಲಿನಂಥ ಕ್ಷಣಿಕ ಏರಿಕೆಯನ್ನಷ್ಟೇ.

ಅಮೆರಿಕದಲ್ಲಿ ಆರ್‌ವಿ ಬಾಡಿಗೆಗೆ ಪಡೆದು ಹೊರಡುವ ಕನ್ನಡಿಗರು ಅಂಥದ್ದೊಂದು ಸಾಧನವನ್ನು ಜೊತೆಗಿಟ್ಟುಕೊಳ್ಳಲಿ. ಕಂಬದ ಬ್ರೇಕರ್ ಆಫ್ ಮಾಡಿ, ಮೊದಲು ಸಾಧನವನ್ನು ಮಾತ್ರ ಸಿಕ್ಕಿಸಿ, ಬ್ರೇಕರ್ ಆನ್ ಮಾಡಿ ನೋಡಲಿ. ಅದು ದೋಷ ತೋರಿಸಿದರೆ ಗಾಡಿಯನ್ನು ಜೋಡಿಸದೆ ಶಿಬಿರತಾಣದ ಕಚೇರಿಗೆ ತಿಳಿಸಿ, ಬೇರೆ ನಿಲುಗಡೆ ಕೇಳಲಿ.