ಇನ್ನೂರೈವತ್ತು ತಾಸಿನ ಗಡಿ

ಸಂಡೂರಿನ ದೋಣಿಮಲೆಯಲ್ಲಿ ಅದಿರು ತುಂಬಿಕೊಂಡ ಗೂಡ್ಸ್ ರೈಲು ಗುಂತಕಲ್ಲು, ರೇಣಿಗುಂಟ, ಅರಕ್ಕೋಣಂ ಮಾರ್ಗವಾಗಿ ಮದರಾಸಿಗೆ ಹೊರಟರೆ, ಕಡಲು ನಲವತ್ತು ಚಿಲ್ಲರೆ ಕಿಲೋಮೀಟರ್ ಇದೆ ಎನ್ನುವಾಗ ತಿರುವಳ್ಳೂರು ಸಿಗುತ್ತದೆ. ಅಂಬಾಸಡರ್ ಕಾರಿನ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಈ ಊರಿನಲ್ಲಿ 1971ರಲ್ಲಿ ಮಣ್ಣೆತ್ತುವ ಯಂತ್ರಗಳ ಕಾರ್ಖಾನೆ ಹಾಕಿತು. ಆರು ವರ್ಷದ ನಂತರ, 1977ರಲ್ಲಿ, ಎರಡು ಕೆಲಸ ಹೆಚ್ಚುಕಡಿಮೆ ಒಟ್ಟಿಗೆ ಆದವು: ದೋಣಿಮಲೆಯಲ್ಲಿ ಎನ್‌ಎಂಡಿಸಿಯ ಯಾಂತ್ರೀಕೃತ ಗಣಿ ಶುರುವಾಯಿತು, ಮದರಾಸು ಬಂದರಿನ ಭಾರತಿ ಡಾಕ್‌ನಲ್ಲಿ ವರ್ಷಕ್ಕೆ 80 ಲಕ್ಷ ಟನ್ ಅದಿರನ್ನು ಹಡಗಿಗೆ ಸುರಿಯಬಲ್ಲ ಸ್ಥಾವರ ಚಾಲೂ ಆಯಿತು. ಬಳ್ಳಾರಿ-ಹೊಸಪೇಟೆಯ ಕೆಂಪು ಕಲ್ಲು ಐನೂರು ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಬಂದು, ಅಲ್ಲಿಂದ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹಡಗು ಹತ್ತತೊಡಗಿತು.

ಈ ಉದ್ದನೆಯ ಸರಪಣಿಯಲ್ಲಿ ರೈಲಿಗೆ ವೇಳಾಪಟ್ಟಿ ಇತ್ತು. ಹಡಗಿಗೂ ಇತ್ತು, ತಡವಾದರೆ ದಂಡವೂ ಇತ್ತು. ಮೊದಲ ಕೊಂಡಿಯಾದ ಡಂಪರಿಗೂ ಒಂದು ವೇಳಾಪಟ್ಟಿ ಇತ್ತು. ಉಳಿದೆರಡು ಇಂಥ ಹೊತ್ತಿಗೆ ಹೊರಡಬೇಕು ಎನ್ನುತ್ತಿದ್ದರೆ ಇದು ಇಂಥ ಹೊತ್ತಿಗೆ ನಿಲ್ಲಬೇಕು ಎನ್ನುತ್ತಿತ್ತು. ಹಾಗಾಗಿ ಎಲ್ಲಕ್ಕಿಂತ ಮೊದಲು ಮುರಿದುಬೀಳುತ್ತಿದ್ದದ್ದು ಇದೇ.

ಡಂಪರ್ ಓಡಿದ್ದನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಶವೆಲ್ಲಿನ ಬಾಯಿಂದ ಕ್ರಷರಿಗೆ ಒಂದೋ ಎರಡೋ ಮೈಲಿ ಹೋಗುವುದು, ಬರುವುದು. ನಡುವೆ ಸಾಲಿನಲ್ಲಿ ಎಂಜಿನ್ ಆರಿಸದೆ ಕಾಯುವುದು. ಚಕ್ರ ತಿರುಗದಿದ್ದರೂ ಎಂಜಿನ್ ಸವೆಯುತ್ತಿರುತ್ತದೆ. ಅದಕ್ಕೇ ಡ್ಯಾಶ್‌ಬೋರ್ಡಿನಲ್ಲಿ ಅವರ್ ಮೀಟರ್ ಎಂಬ ಪುಟ್ಟ ಕಿಟಕಿ. ಎಂಜಿನ್ ನಡೆದ ತಾಸುಗಳನ್ನು ಅದು ಎಣಿಸುತ್ತದೆ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ 250, 500, 1000, 2000 ತಾಸು ಎಂದು ಮೆಟ್ಟಿಲು ಕಟ್ಟುತ್ತವೆ. ಮೊದಲ ಮೆಟ್ಟಿಲಲ್ಲಿ ಎಂಜಿನ್ ಆಯಿಲ್, ಫಿಲ್ಟರು, ಬೆಲ್ಟು. ಮುಂದೆ ಟ್ರಾನ್ಸ್‌ಮಿಷನ್ ಎಣ್ಣೆ. ಎರಡು ಸಾವಿರದ ಹೊತ್ತಿಗೆ ಡಿಫರೆನ್ಷಿಯಲ್ಲು, ಹಿಂಚಕ್ರದ ಗೇರುಗಳು. ದಿನಕ್ಕೆ ಇಪ್ಪತ್ತು ತಾಸು ದುಡಿಯುವ ಗಾಡಿಗೆ ಮೊದಲ ಗಡಿ ಹನ್ನೆರಡೂವರೆ ದಿನಕ್ಕೇ ಬಂದುಬಿಡುತ್ತದೆ. ಊರಿನ ಕಾರಿನ ಮಾಲೀಕ ವರ್ಷಕ್ಕೊಮ್ಮೆ ಕಾಣುವ ಸರ್ವಿಸ್ಸನ್ನು ಡಂಪರ್ ತಿಂಗಳಿಗೆ ಎರಡು ಸಲ ಕಾಣುತ್ತದೆ.

ಇದೆಲ್ಲ ದುಬಾರಿ ಉಪಚಾರವೆಂದು ಹೊರಗಿನವರಿಗೆ ಅನ್ನಿಸಬಹುದು. ಗುಡ್ಡದ ಮೇಲಿನ ಗಣಿಯ ಇಳಿಜಾರಿನಲ್ಲಿ ನಿಂತು ನೋಡಿದವರಿಗೆ ಹಾಗನ್ನಿಸದು. ಕಲ್ಲಿದ್ದಲಿನ ಆಳದ ಗುಂಡಿಯಲ್ಲಿ ತುಂಬಿದ ಗಾಡಿ ಏರಬೇಕು. ಬೆಟ್ಟದ ತಲೆಯನ್ನೇ ಕಡಿಯುವ ಗಣಿಯಲ್ಲಿ ಎಷ್ಟೋ ಕಡೆ ತುಂಬಿದ ಗಾಡಿ ಇಳಿಯಬೇಕು. ನೂರು ಟನ್ ಹೊರುವ ಡಂಪರ್ ತನ್ನ ಮೈತೂಕವೂ ಸೇರಿ ಸುಮಾರು 160 ಟನ್ ಆಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಎಣ್ಣೆಯಲ್ಲಿ ಮುಳುಗಿ ತಣ್ಣಗಾಗುವ ಡಿಸ್ಕುಗಳು. ಆ ಎಣ್ಣೆ ಹಳಸಿದರೆ, ಕೂಲರಿಗೆ ಕಸ ಕಟ್ಟಿದರೆ ಬಿಸಿ ಏರುತ್ತದೆ, ಡಿಸ್ಕು ಸವೆಯುತ್ತದೆ. ಬ್ರೇಕು ಒಂದೇ ದಿನ ಕೈಕೊಡುವುದಿಲ್ಲ, ಹಲವು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಬಲ ಕಳೆದುಕೊಳ್ಳುತ್ತದೆ. ತೆರೆದ ಗಣಿಗಳ ಸಾವುಗಳಲ್ಲಿ ಡಂಪರ್ ಮತ್ತು ಲಾರಿಗಳ ಪಾಲು ಯಾವಾಗಲೂ ದೊಡ್ಡದು. 1952ರ ಗಣಿ ಕಾಯ್ದೆ, 1961ರ ಲೋಹಗಣಿ ನಿಯಮಾವಳಿ, ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸುತ್ತೋಲೆಗಳು, ಎಲ್ಲವೂ ಯಂತ್ರದ ತಪಾಸಣೆಗೆ ಒತ್ತು ಕೊಟ್ಟಿರುವುದು ಇದಕ್ಕಾಗಿಯೇ. ಗಾಡಿ ನಿಲ್ಲಿಸಿ ಎನ್ನುವ ಫಿಟ್ಟರನ ಮಾತು ಗೆದ್ದಿತೋ ಸೋತಿತೋ ಎಂಬುದರ ಮೇಲೆ ಮುಂದಿನ ಶಿಫ್ಟಿನ ಆಪರೇಟರನ ಜೀವ ನಿಂತಿರುತ್ತದೆ.

ಈ ಗಾಡಿಯ ವಂಶಾವಳಿ ಸ್ವಲ್ಪ ವಿಚಿತ್ರ. ರಸ್ತೆಯ ಲಾರಿಗೆ ಗಟ್ಟಿ ತೊಟ್ಟಿ ಕೂರಿಸಿ ಗಣಿಗೆ ಕಳಿಸುತ್ತಿದ್ದ ಕಾಲದಲ್ಲಿ, ಅಮೆರಿಕದ ಓಹಾಯೋದ ಯೂಕ್ಲಿಡ್ ಕಂಪನಿ 1934ರಲ್ಲಿ ರಸ್ತೆಗೆ ಇಳಿಯಲೇಬಾರದ, ಗಣಿಗೆಂದೇ ಹುಟ್ಟಿದ ಗಾಡಿಯನ್ನು ಮಾಡಿತು. ಅದನ್ನು 1953ರಲ್ಲಿ ಜನರಲ್ ಮೋಟರ್ಸ್ ಕೊಂಡಿತು. ಇಷ್ಟು ದೊಡ್ಡವರು ಈ ಮಾರುಕಟ್ಟೆಯನ್ನೂ ನುಂಗಬಾರದೆಂದು 1959ರಲ್ಲಿ ಅಮೆರಿಕ ಸರ್ಕಾರ ದಾವೆ ಹೂಡಿತು. 1968ರಲ್ಲಿ ರಾಜಿಯಾಗಿ ಯೂಕ್ಲಿಡ್ ಹೆಸರು ಬೇರೆಯವರ ಪಾಲಾಯಿತು. ಕೈಯಲ್ಲಿ ಉಳಿದ ಯಂತ್ರಗಳಿಗೆ ಜನರಲ್ ಮೋಟರ್ಸ್ ಟೆರೆಕ್ಸ್ ಎಂದು ಹೊಸ ನಾಮಕರಣ ಮಾಡಿತು. ಲ್ಯಾಟಿನಿನಲ್ಲಿ ಟೆರ್ರಾ ಎಂದರೆ ಭೂಮಿ, ರೆಕ್ಸ್ ಎಂದರೆ ರಾಜ. ತಿರುವಳ್ಳೂರಿಗೆ ತಂತ್ರಜ್ಞಾನ ಬಂದದ್ದು ಈ ಭೂಪತಿಯಿಂದಲೇ. ಕರ್ನಾಟಕದ ಕಡೆಯಲ್ಲಿ 1964ರಲ್ಲಿ ಹುಟ್ಟಿದ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರ್ ಕಟ್ಟುತ್ತಿತ್ತು. ಮುಂದೆ ಅದರ ಡಂಪರುಗಳು ಮೈಸೂರಿನ ಬೆಳವಾಡಿಯಿಂದ ಹೊರಬಂದವು.

ಯಂತ್ರದ ಜೊತೆ ಕೈಪಿಡಿಯೂ ಬಂತು. ಅದರ ಲೇಖಕರು ಕಣ್ಣ ಮುಂದೆ ಇಟ್ಟುಕೊಂಡದ್ದು ಬಿಡಿಭಾಗ ಬೇಕೆಂದಾಗ ಸಿಗುವ ದೇಶವನ್ನು. ಎಪ್ಪತ್ತರ ದಶಕದ ಭಾರತ ಅದಲ್ಲ. ಹೊರದೇಶದ ಒಂದು ಸೀಲು ತರಿಸಲು ಆಮದು ಪರವಾನಗಿ ಬೇಕು, ವಿದೇಶಿ ವಿನಿಮಯದ ಮಂಜೂರಾತಿ ಬೇಕು, ಬಂದರಿನಲ್ಲಿ ಕಸ್ಟಮ್ಸ್ ದಾಟಬೇಕು. ಐನೂರು ತಾಸಿಗೆ ಬದಲಿಸಬೇಕಾದ ಭಾಗ ಬರುವ ಹೊತ್ತಿಗೆ ಮೀಟರು ಎರಡು ಸಾವಿರ ದಾಟಿರುತ್ತಿತ್ತು. ಇಂಥ ಬರಗಾಲದಲ್ಲಿ ಗ್ಯಾರೇಜುಗಳು ಎಲ್ಲೆಡೆ ಒಂದೇ ಉಪಾಯ ಕಂಡುಕೊಳ್ಳುತ್ತವೆ: ಕೆಟ್ಟು ನಿಂತ ಒಂದು ಗಾಡಿಯನ್ನು ಮೂಲೆಗೆ ತಳ್ಳಿ, ಅದರ ಮೈಯಿಂದ ಒಂದೊಂದೇ ಭಾಗ ಬಿಚ್ಚಿ ಉಳಿದವನ್ನು ಓಡಿಸುವುದು. ಲೆಕ್ಕದ ಪುಸ್ತಕದಲ್ಲಿ ಆ ಗಾಡಿ ವರ್ಷಗಟ್ಟಲೆ ರಿಪೇರಿಯಲ್ಲಿರುತ್ತದೆ.

ಇನ್ನೊಂದು ಒತ್ತಡ ಲೆಕ್ಕದ್ದು. ತಾಸಿಗೆ ಮೂರು ಸುತ್ತು ಹಾಕುವ 50 ಟನ್ನಿನ ಡಂಪರ್ ಒಂದು ಶಿಫ್ಟ್ ನಿಂತರೆ 1200 ಟನ್ ಖೋತಾ. ಇದು ಸಂಜೆಯ ವರದಿಯಲ್ಲಿ ಕಾಣುತ್ತದೆ. ಸರ್ವಿಸ್ ಮಾಡಿದ್ದರಿಂದ ಮೂರು ತಿಂಗಳ ನಂತರ ತಪ್ಪಿದ ಬ್ರೇಕ್‌ಡೌನು ಯಾವ ವರದಿಯಲ್ಲೂ ಕಾಣುವುದಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎನ್ನುತ್ತೇವೆ. ಗಣಿಯ ಲೆಕ್ಕದಲ್ಲಿ ಕೊಡಲಿಗೆ ಖಾತೆ ಇದೆ, ಉಗುರಿಗಿಲ್ಲ. ಕಲ್ಲಿದ್ದಲು ಗಣಿಗಳಿಗೆ ರಾಂಚಿಯ ಸಿಎಂಪಿಡಿಐ ಸಂಸ್ಥೆ ಹಾಕಿಕೊಟ್ಟ ಮಾನದಂಡದ ಪ್ರಕಾರ ಡಂಪರ್ ಒಟ್ಟು ಸಮಯದ ಶೇ. 67ರಷ್ಟು ದುಡಿಯಲು ಸಿದ್ಧವಿರಬೇಕು, ಶೇ. 50ರಷ್ಟು ನಿಜಕ್ಕೂ ದುಡಿಯಬೇಕು. ಮೂರರಲ್ಲೊಂದು ಪಾಲು ಸಮಯ ಗ್ಯಾರೇಜಿನದು ಎಂದು ಯೋಜಕರೇ ಒಪ್ಪಿಕೊಂಡಿದ್ದರು. ಆದರೂ ಮಾನದಂಡಕ್ಕಿಂತ ಕಡಿಮೆ ದುಡಿದ ಯಂತ್ರಗಳ ಬಗ್ಗೆ ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಆಕ್ಷೇಪ ಎತ್ತುತ್ತಲೇ ಬಂದಿವೆ.

ಯಾವ ಮ್ಯಾನೇಜರೂ ತಕರಾರು ತೆಗೆಯದ ನಿಲುಗಡೆ ವರ್ಷಕ್ಕೊಂದೇ, ಆಯುಧಪೂಜೆಯದು. ಸಂಡೂರಿರಲಿ ಮದರಾಸಿರಲಿ, ಅವತ್ತು ಗಾಡಿ ತೊಳೆಯುತ್ತಾರೆ, ಕುಂಕುಮ ಹಚ್ಚುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ. ಕೆಸರಿನಡಿ ಅಡಗಿದ ಬಿರುಕು, ಎಣ್ಣೆ ಜಿನುಗುವ ಹೋಸು ಕಣ್ಣಿಗೆ ಬೀಳಬೇಕಾದರೆ ಮೊದಲು ಗಾಡಿ ತೊಳೆಯಬೇಕು ಎಂಬುದು ಕೈಪಿಡಿಯ ಮಾತೂ ಹೌದು.

ಹಾಗೆಂದು ಕೈಪಿಡಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ಜರ್ಮನ್ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ವಿಮಾನ ಹಾರಿಸುತ್ತಿತ್ತು. ಹಾರಾಟದ ಪ್ರತಿ 50 ತಾಸಿಗೆ ವಿಮಾನ ಇಳಿಸಿ ತಪಾಸಣೆ ಮಾಡುವುದು ನಿಯಮ. ವಾಡಿಂಗ್ಟನ್ ಎಂಬ ಜೀವವಿಜ್ಞಾನಿಯಿದ್ದ ಸಂಶೋಧಕರ ತಂಡ ರಿಪೇರಿ ದಾಖಲೆಗಳನ್ನು ಜೋಡಿಸಿ ನೋಡಿದಾಗ ತಲೆಕೆಳಗಾದ ಚಿತ್ರ ಕಂಡಿತು. ತಪಾಸಣೆ ಮುಗಿದ ಕೂಡಲೇ ಕೆಡುಕುಗಳು ಹೆಚ್ಚುತ್ತಿದ್ದವು, ಆಮೇಲೆ ಹಾರುತ್ತ ಹಾರುತ್ತ ಕಡಿಮೆಯಾಗುತ್ತಿದ್ದವು. ಚೆನ್ನಾಗಿದ್ದುದನ್ನು ಬಿಚ್ಚಿ ಮತ್ತೆ ಕೂರಿಸುವಾಗ ಹೊಸ ತಪ್ಪುಗಳು ನುಸುಳುತ್ತಿದ್ದವು. ಯುದ್ಧ ಮುಗಿದು ದಶಕಗಳಾದ ಮೇಲೆ, 1973ರಲ್ಲಿ, ವಾಡಿಂಗ್ಟನ್ ಇದನ್ನು ಪುಸ್ತಕವಾಗಿ ಪ್ರಕಟಿಸಿದರು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿ ಇನ್ನೂ ಮುಂದೆ ಹೋಯಿತು: ತಾವು ಪರೀಕ್ಷಿಸಿದ ವಿಮಾನಭಾಗಗಳಲ್ಲಿ ಶೇ. 89ರಷ್ಟಕ್ಕೆ ಇಷ್ಟು ತಾಸಿಗೆ ಬದಲಿಸು ಎಂಬ ನಿಯಮದಿಂದ ಲಾಭವೇ ಇಲ್ಲ.

ಈ ಮಾತನ್ನು ಕೇಳಿ ಸರ್ವಿಸ್ ಮುಂದೂಡಲು ಕಾರಣ ಹುಡುಕುವ ಮ್ಯಾನೇಜರ್ ಖುಷಿಪಡಬೇಕಿಲ್ಲ. ವಿಮಾನ ಶುದ್ಧ ಗಾಳಿಯಲ್ಲಿ ಹಾರುತ್ತದೆ. ಡಂಪರ್ ಅರೆದ ಕಲ್ಲನ್ನೇ ಉಸಿರಾಡುತ್ತದೆ. ಎಣ್ಣೆ, ಫಿಲ್ಟರು, ಬ್ರೇಕಿನ ಡಿಸ್ಕು, ಪಿನ್ನು, ಬುಶ್ಶು ಇವು ವಯಸ್ಸಿನಿಂದಲೇ ಸಾಯುವ ಜಾತಿ. ಇವಕ್ಕೆ ತಾಸಿನ ಗಡಿ ಬೇಕೇ ಬೇಕು. ಬಿಚ್ಚಬಾರದ್ದು ಓಡುತ್ತಿರುವ ಗೇರ್‌ಪೆಟ್ಟಿಗೆ, ಎಂಜಿನ್ನಿನ ಒಳಗು. ಅವುಗಳ ಆರೋಗ್ಯ ತಿಳಿಯಲು ಬೇರೆ ದಾರಿ ಸಿಕ್ಕಿತ್ತು. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆ ನಲವತ್ತರ ದಶಕದಲ್ಲೇ ಡೀಸೆಲ್ ಎಂಜಿನ್ನಿನ ಹಳೆ ಎಣ್ಣೆಯನ್ನು ಉರಿಸಿ, ಬೆಳಕಿನ ಬಣ್ಣದಿಂದ ಅದರಲ್ಲಿರುವ ಲೋಹಗಳನ್ನು ಗುರುತಿಸುತ್ತಿತ್ತು. ತಾಮ್ರ ಹೆಚ್ಚಿದರೆ ಬೇರಿಂಗಿನ ಕಡೆ ನೋಡು, ಸೋಡಿಯಂ ಬಂದರೆ ಕೂಲೆಂಟು ಎಣ್ಣೆಗೆ ಸೇರುತ್ತಿದೆ, ಸಿಲಿಕಾನ್ ಬಂದರೆ ಗಾಳಿಯ ಫಿಲ್ಟರು ಸೋರಿ ಮಣ್ಣು ಒಳಹೊಕ್ಕಿದೆ. ವೈದ್ಯರು ರಕ್ತಪರೀಕ್ಷೆ ಮಾಡಿದ ಹಾಗೆ. ಬಳ್ಳಾರಿ ಸೀಮೆಯಲ್ಲಿ ಮಾತ್ರ ಒಂದು ತೊಡಕು. ಎಣ್ಣೆಯಲ್ಲಿ ಕಬ್ಬಿಣ ಏರಿದರೆ ಲೈನರೋ ಗೇರೋ ಸವೆಯುತ್ತಿದೆ ಎನ್ನುವುದು ಪುಸ್ತಕದ ಪಾಠ. ಅಲ್ಲಿನ ಧೂಳೇ ಕಬ್ಬಿಣ! ಸಿಲಿಕಾನಿನ ಅಂಕಿಯನ್ನು ಪಕ್ಕಕ್ಕಿಟ್ಟುಕೊಂಡು ಓದದಿದ್ದರೆ, ಫಿಲ್ಟರಿನ ತಪ್ಪಿಗೆ ಎಂಜಿನ್ ಬಿಚ್ಚಬೇಕಾಗುತ್ತದೆ.

ತಿರುವಳ್ಳೂರಿನ ಕಾರ್ಖಾನೆ ಹುಟ್ಟಿದ 1971ರಲ್ಲೇ, ಬಳ್ಳಾರಿಯ ಅದಿರು ತಲುಪುವ ಜಪಾನಿನಲ್ಲಿ ನಿಪ್ಪೊನ್‌ಡೆನ್ಸೊ ಎಂಬ ಕಂಪನಿಗೆ ಯಂತ್ರ ನಿರ್ವಹಣೆಗಾಗಿ ಪ್ರಶಸ್ತಿ ಬಂತು. ನಿರ್ವಹಣೆ ಗ್ಯಾರೇಜಿನವರ ಕೆಲಸ ಮಾತ್ರವಲ್ಲ, ಯಂತ್ರ ನಡೆಸುವವನೇ ದಿನಾ ಅದನ್ನು ಒರೆಸಿ, ಬಿಗಿದು, ಎಣ್ಣೆ ಹಾಕಿ, ಅದರ ಸದ್ದು ಕೇಳಬೇಕು ಎಂಬುದು ಅವರ ಪದ್ಧತಿ. ನಮ್ಮ ಗಣಿಗಳಲ್ಲಿ ಆಪರೇಟರ್ ಬೇರೆ ಹುದ್ದೆ, ಫಿಟ್ಟರ್ ಬೇರೆ ಹುದ್ದೆ, ನಡುವೆ ಒಂದು ಲಾಗ್‌ಬುಕ್ಕು. ಸ್ಟಿಯರಿಂಗ್ ಎಳೆಯುತ್ತದೆ ಎಂದು ಅದರಲ್ಲಿ ಬರೆಯುವ ಆಪರೇಟರ್ ಕೆಲಸಗಳ್ಳ ಎನಿಸಿಕೊಳ್ಳುವ ಕಡೆ ವೇಳಾಪಟ್ಟಿ ಎಷ್ಟೇ ಚೆನ್ನಾಗಿರಲಿ, ಪುಸ್ತಕ ಖಾಲಿಯೇ ಇರುತ್ತದೆ.

ಹೊಸ ಶತಮಾನದ ಹೊಸ್ತಿಲಲ್ಲಿ ತಿರುವಳ್ಳೂರಿನ ಕಾರ್ಖಾನೆ ಕ್ಯಾಟರ್‌ಪಿಲ್ಲರ್ ಕೈಗೆ ಹೋಯಿತು. ಈಗ ಅಲ್ಲಿ ನೂರು ಟನ್ ವರ್ಗದ ಡಂಪರುಗಳು ತಯಾರಾಗುತ್ತವೆ. ಚೆನ್ನೈನ ಇನ್ನೊಂದು ಮಗ್ಗುಲಿನ ಒರಗಡಂನಲ್ಲಿ ಜಪಾನಿನ ಕೊಮಾತ್ಸು ತಳವೂರಿತು. ತಾಸು ಎಣಿಸುವ ಕೆಲಸ ಕಂಪ್ಯೂಟರಿಗೆ ಬಂತು. ಗಾಡಿ ಮಾರಿದವರೇ ನಿರ್ವಹಣೆಯನ್ನೂ ವಹಿಸಿಕೊಂಡು, ಓಡಿದ ತಾಸಿಗೆ ಇಷ್ಟು ಎಂದು ಹಣ ಪಡೆಯುವ, ಗಾಡಿ ಸಿದ್ಧವಿರದಿದ್ದರೆ ದಂಡ ಕಟ್ಟುವ ಒಪ್ಪಂದಗಳು ಬಂದವು. ಸರ್ವಿಸ್ ತಪ್ಪಿಸಿದರೆ ನಷ್ಟ ಯಾರಿಗೆಂದು ಮೊದಲ ಬಾರಿಗೆ ಕಾಗದದ ಮೇಲೆ ಬರೆದಂತಾಯಿತು.

ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಚೀನಾದ ಬೇಡಿಕೆಯ ಭರಾಟೆ. ಗಣಿಯೊಳಗಿನ ಡಂಪರಿಗಿಂತ ರಸ್ತೆಯ ಟಿಪ್ಪರುಗಳದೇ ಕಾಲವದು. ಅವು ಮಿತಿಮೀರಿ ಭಾರ ಹೊತ್ತು ಬಂದರುಗಳಿಗೆ ಓಡಿದ್ದು ಲೋಕಾಯುಕ್ತ ವರದಿಯಲ್ಲಿ ದಾಖಲಾಗಿದೆ. ಆಮೇಲೆ 2011 ಬಂತು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಗಳು ಪೂರ್ತಿ ಬರಿದಾಗದಿರಲೆಂದು ಆಗಸ್ಟಿನಲ್ಲಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ ಹತ್ತು ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು. ಅತ್ತ ಮದರಾಸು ಹೈಕೋರ್ಟಿನ ಆದೇಶದಂತೆ ಅದೇ ಅಕ್ಟೋಬರಿನಿಂದ ಚೆನ್ನೈ ಬಂದರಿನಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು ಇಳಿಸಿ ಏರಿಸುವುದು ನಿಂತಿತು; ಉತ್ತರ ಚೆನ್ನೈನ ಮನೆಗಳ ಮೇಲೆ ಆ ಧೂಳು ವರ್ಷಗಟ್ಟಲೆ ಕೂತಿತ್ತು.

ದೋಣಿಮಲೆಯ ಗಾಡಿಗಳು ಓಡುತ್ತಿದ್ದವು. ಸುತ್ತಲಿನ ಗಣಿಗಳಲ್ಲಿ ಯಂತ್ರಗಳು ಸಾಲಾಗಿ ನಿಂತವು. ಓಡದ ಗಾಡಿಗೆ ಸರ್ವಿಸ್ ಬೇಡ ಎಂದು ತೋರುವುದು ಸಹಜ, ಅವರ್ ಮೀಟರ್ ಮುಂದೆ ಹೋಗಿರುವುದಿಲ್ಲವಲ್ಲ. ಆದರೆ ನಿಂತಲ್ಲೇ ಡೀಸೆಲ್ ಟ್ಯಾಂಕಿನಲ್ಲಿ ಇಬ್ಬನಿ ಕಟ್ಟಿ ನೀರಾಗುತ್ತದೆ, ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ, ಬ್ಯಾಟರಿ ಸಾಯುತ್ತದೆ, ಒಂದೇ ಜಾಗದಲ್ಲಿ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ. ಕೈಪಿಡಿಗಳು ಇದಕ್ಕೂ ಒಂದು ಸಾಲು ಬರೆದಿರುತ್ತವೆ: ಇಷ್ಟು ತಾಸು, ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ಗಣಿಗಳು ಒಂದೊಂದಾಗಿ ಮತ್ತೆ ತೆರೆಯತೊಡಗಿದ್ದು 2012ರ ಕೊನೆ, 2013ರ ಹೊತ್ತಿಗೆ. ನಿಲ್ಲಿಸುವಾಗ ಎಣ್ಣೆ ಬದಲಿಸಿ, ಟ್ಯಾಂಕು ತುಂಬಿಸಿ, ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡಿ ಇಟ್ಟವರು ಕೀಲಿ ತಿರುಗಿಸಬಹುದಿತ್ತು. ಉಳಿದವರು ಮೆಕ್ಯಾನಿಕ್ಕನಿಗೆ ಹೇಳಿಕಳಿಸಬೇಕಿತ್ತು.