ನಮ್ಮ ಹೊಳೆಯ ಕರೆಂಟು, ನಮ್ಮನೆಯ ಸೀಮೆಣ್ಣೆ ಬುಡ್ಡಿ

ಮೊನ್ನೆ ಭಾನ್ವಾರ ನಮ್ಮ ವಾರಗಿತ್ತಿ ಹೊಲದಿಂದ ಅವರೆಕಾಯಿ ತಕ್ಕಂಡು ಬಂದಿದ್ಲು. ಜಗಲಿ ಮ್ಯಾಲ ಕೂತ್ಕಂಡು ಇಬ್ರೂ ಕಾಯಿ ಸುಲೀತಿದ್ದೊ. ನಿಮ್ಗ ಗೊತ್ತೇ ಅದಲ್ಲ, ಪಾಲಾದ ಮ್ಯಾಲ ಮೈದ್ನ ಹೊಲದಲ್ಲೇ ಮನೆ ಕಟ್ತಾ ಅವ್ನ. ಗೋಡೆ ಎದ್ದದ, ಶೀಟೂ ಹೊದ್ಸಾಯ್ತು. ಆದ್ರ ಕರೆಂಟ್ ಕಂಬ ಊರ ಅಂಚಿಗೇ ನಿಂತೋಗದ. ಅಲ್ಲಿಂದ ಮನಗ ಒಂದೂವರೆ ಕಿಲೋಮೀಟ್ರು. ಕಂಬ ಎಳ್ಸಾಕ ಎಷ್ಟಾಯ್ತದ ಅಂತ ಕೇಳ್ಕಂಡು ಬಂದ ದಿನದಿಂದ ಗಂಡ ಹೆಂಡ್ತಿ ಇಬ್ರೂ ಮಾತಾಡ್ದಂಗ ಆಗವ್ರ. ಮಗಳು ಬೇರೆ ಈ ವರ್ಷ ಸೆಕೆಂಡ್ ಪಿಯುಸಿ.

"ಅಕ್ಕ, ಒಂದು ಸೋಲಾರ್ ಹಾಕ್ಸಿಬುಟ್ರ ಲೈನೇ ಬ್ಯಾಡ್ವಂತ, ಹೌದಾ? ಒಬ್ರು ಗೋಬರ್ ಗ್ಯಾಸ್ ಮಾಡ್ಸಿ ಅಂತಾರ, ಇನ್ನೊಬ್ರು ಗಾಳಿ ಫ್ಯಾನ್ ಇಡ್ಸಿ ಅಂತಾರ. ನೀನೇ ಒಂದು ಮಾತು ಹೇಳು" ಅಂದ್ಲು.

ಹೌದು ಅನ್ನಾಕೂ ಆಗ್ನಿಲ್ಲ, ಇಲ್ಲ ಅನ್ನಾಕೂ ಆಗ್ನಿಲ್ಲ. ವಾರ ಬುಟ್ಟು ಹೇಳ್ತೀನಿ ಅಂತ ಕಳಿಸ್ದೆ. ಆಮ್ಯಾಲ ಯೋಚ್ನೆ ಮಾಡ್ದಂಗೆಲ್ಲ, ಲೈನ್ ಇಲ್ದ ಬದುಕು ನಮ್ಗ ಹೊಸದೇನಲ್ಲ ಅನ್ಸ್ತು. ನಮ್ಮ ಹಿರಿಯರು, ನಾವು, ನಮ್ಮ ಕಡೆ ಜನ ಏನೇನು ಮಾಡಿ ನೋಡವ್ರ, ಯಾವುದು ಉಳೀತು, ಯಾವುದು ಕೆಡ್ತು ಅಂತ ನೆನಪು ಮಾಡ್ಕಂಡ್ರ ಉತ್ತರ ಅಲ್ಲೇ ಅದ. ಅದನ್ನೇ ನಿಮ್ಗೂ ಬರೀತಾ ಇದ್ದೀನಿ.

ಮೊದ್ಲು ನಮ್ಮ ಹೊಳೆ ಕಥೆ. ನಂಜನಗೂಡಲ್ಲಿ ನಾವು ಮುಳುಗಿ ಏಳ್ತೀವಲ್ಲ ಕಪಿಲೆ, ಅವಳು ಸುತ್ತೂರು ಹಾದು ತಿರುಮಕೂಡಲಲ್ಲಿ ಕಾವೇರಿ ಸೇರ್ತಾಳ. ಆಮ್ಯಾಲ ಇಬ್ರೂ ಒಂದಾಗಿ ತಲಕಾಡು ದಾಟಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಆಗಿ ಧುಮುಕ್ತಾರ. ಆ ನೀರಿಂದ ಕರೆಂಟ್ ತೆಗೆಯೋ ಕೆಲಸ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾಯ್ತು. ಜೋಲಿ ಡಿ ಲಾಟ್ಬಿನಿಯರ್ ಅನ್ನೋ ಇಂಜಿನಿಯರ್ ಮುಂದೆ ನಿಂತು ನಡೆಸಿದ್ರು. ಅಮೆರಿಕಾ, ಸ್ವಿಟ್ಜರ್ಲೆಂಡ್ ಕಡೆಯಿಂದ ಯಂತ್ರ ಬಂದೊ. ಕೆಲಸ ಮುಗಿಯೋ ಮೊದ್ಲೇ, 1901ರಲ್ಲಿ, ಶೇಷಾದ್ರಿ ಅಯ್ಯರ್ ತೀರ್ಕಂಡ್ರು. 1902ರ ಜೂನ್ 30ರಂದು ಕರೆಂಟ್ ಹೊರಡ್ತು. ಎಲ್ಲಿಗೆ? 92 ಮೈಲಿ ತಂತಿ ಎಳ್ದು ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರ ಕರೆಂಟ್ ಕಳ್ಸೋದು ಆಗ ಪ್ರಪಂಚದಲ್ಲೇ ದೊಡ್ಡ ಸುದ್ದಿ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ.

ನೀರು ನಮ್ಮೂರ ಪಕ್ಕದಲ್ಲೇ ಹರ್ಕಂಡು ಹೋಯ್ತು, ಬೆಳಕು ಚಿನ್ನ ಇರೋ ಕಡೆಗೆ ಹೋಯ್ತು. ನಾನು ಹುಟ್ಟಿದ್ದು 1969ರಲ್ಲಿ, ಆ ತಂತಿಗೆ ಕರೆಂಟ್ ಹರಿದು 67 ವರ್ಷ ಆದ ಮ್ಯಾಲ. ಆದ್ರೂ ನಾನು ಅಕ್ಷರ ಕಲ್ತಿದ್ದು ಸೀಮೆಣ್ಣೆ ಬುಡ್ಡಿ ಬೆಳಕಲ್ಲೇ. ದೂರು ಅಂತ ಹೇಳ್ತಾ ಇಲ್ಲ. ತಂತಿ ಎಳೆಯೋಕೆ ಖರ್ಚದ, ಅದಕ್ಕ ಅದು ಮೊದ್ಲು ಗಣಿಗೆ, ಆಮ್ಯಾಲ ಪ್ಯಾಟೆಗೆ, ಆಮ್ಯಾಲ ಊರ್ಗ ಬಂತು. ಹೊಲದಲ್ಲಿರೋ ಒಂಟಿ ಮನಗ ಈಗ್ಲೂ ಕಡೇಗೇ.

ನಮ್ಮಜ್ಜಿ ಕಾಲಕ್ಕ ಹರಳೆಣ್ಣೆ ದೀಪ. ಹೊಲದ ಬದುವಲ್ಲಿ ಬೆಳೆದ ಹರಳನ್ನ ಹುರಿದು, ಕುಟ್ಟಿ, ಬೇಯ್ಸಿ, ಮ್ಯಾಲ ತೇಲೋ ಎಣ್ಣೆ ತೆಗೀತಿದ್ರು. ದೀಪಕ್ಕೂ ಅದೇ, ತಲೆಗೂ ಅದೇ. ಆ ಬೆಳಕಿಗ ಅಂಗಡಿ ಹಂಗಿರ್ನಿಲ್ಲ, ಹೆಂಗಸ್ರ ಕೈ ಬೊಬ್ಬೆ ಇತ್ತು. ನಮ್ಮವ್ವನ ಕಾಲಕ್ಕ ಸೀಮೆಣ್ಣೆ. ಖಾಲಿ ಔಷಧಿ ಶೀಸೆ ಮುಚ್ಚಳಕ್ಕ ತೂತು ಹೊಡ್ದು, ಹಳೇ ಪಂಚೆ ಚೂರು ಬತ್ತಿ ಮಾಡುದ್ರ ಬುಡ್ಡಿ ಆಯ್ತು. ಬೆಳಗೆದ್ದು ಮೂಗು ಸೀದ್ರ ಕರ್ರಗ ಮಸಿ. ಲಾಟೀನು ಹಚ್ತಿದ್ದುದು ನೆಂಟ್ರು ಬಂದ್ರ, ಇಲ್ಲಾಂದ್ರ ಹಸ ಈಯೋ ರಾತ್ರಿ. 1979-80ರಲ್ಲಿ ಸರ್ಕಾರ ಭಾಗ್ಯಜ್ಯೋತಿ ಅಂತ ಬಡವರ ಮನಗ ಒಂದೊಂದು ಬಲ್ಬು ಕೊಡಾಕ ಶುರು ಮಾಡ್ತು. ನಮ್ಮೋಣಿಗ ಬಂದಾಗ ಆ ಒಂದು ಬಲ್ಬನ್ನ ಎಲ್ಲಿ ಹಾಕೋದು ಅಂತ ಮನಮನೇಲೂ ಜಗಳ. ಗಂಡಸ್ರು ಪಡಸಾಲೆ ಅಂದ್ರು, ಅವ್ವಂದ್ರು ಅಡ್ಗೆಮನೆ ಅಂದ್ರು. ಗೆದ್ದುದು ಪಡಸಾಲೆ. ಅವ್ವ ಬುಡ್ಡೀಲೇ ಇಟ್ಟು ತೊಳಸ್ತಿದ್ಲು.

ನಾನು ಈ ಮನಗ ಮದ್ವೆ ಆಗಿ ಬಂದಿದ್ದು 1989ರಲ್ಲಿ. ಆಗ ಹಿತ್ಲಲ್ಲಿ ಗೋಬರ್ ಗ್ಯಾಸ್ ಇತ್ತು. 1981-82ರಿಂದ ಕೇಂದ್ರ ಸರ್ಕಾರ ಅದಕ್ಕ ಸಬ್ಸಿಡಿ ಕೊಡ್ತಿತ್ತು, ನಮ್ಮ ಮಾವ ಮಾಡ್ಸಿದ್ರು. ಬಾವಿಯಂಗೆ ಗುಂಡಿ, ಅದರ ಮ್ಯಾಲ ತೇಲೋ ಕಬ್ಬಿಣದ ಡ್ರಮ್ಮು. ಸಗಣಿ ಕೊಳೆತು ಗ್ಯಾಸ್ ತುಂಬ್ದಂಗ ಡ್ರಮ್ಮು ಮ್ಯಾಲ ಏಳೋದು. ನಮ್ಮತ್ತೆ ಊದ್ಗೊಳ್ವೆ ಹಿಡ್ದೂ ಹಿಡ್ದೂ ಕಣ್ಣು ಯಾವಾಗ್ಲೂ ಕೆಂಪಗಿರೋದು. ಗ್ಯಾಸ್ ಬಂದ ಮ್ಯಾಲ ಕೆಮ್ಮು ಕಮ್ಮಿ ಆಯ್ತು ಅಂತ ಹೇಳ್ಕತಿದ್ರು.

ಆದ್ರ ಅದಕ್ಕ ಲೆಕ್ಕ ಅದ. ನಮ್ದು 2 ಘನ ಮೀಟರಿಂದು. ನಾಕೈದು ಜನಕ್ಕ ಎರಡೊತ್ತು ಅಡ್ಗೆ ಆಗ್ಬೇಕಂದ್ರ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು ಕಲ್ಸಿ ಬುಡ್ಬೇಕು. ಒಂದು ದನ ಹತ್ತು ಕೆಜಿ ಹಾಕ್ತದ ಅಂದ್ರೂ ಐದು ದನ ಬೇಕು. ನಮ್ಮಲ್ಲಿ ಎರಡು ಎತ್ತು, ಎರಡು ಹಸ, ಒಂದು ಎಮ್ಮೆ ಇದ್ದೊ, ಸರಿಹೋಗಿತ್ತು. ಸಗಣಿ ಕಲ್ಸೋ ಕೆಲಸ ಹೊಸ ಸೊಸೆದು, ಅಂದ್ರ ನಂದು. ಬಗ್ಗಡ ಹೊಲಕ್ಕ ಒಳ್ಳೆ ಗೊಬ್ಬರ ಆಯ್ತಿತ್ತು. ಒಂಬತ್ತು ವರ್ಷ ನಡೀತು. ಆಮ್ಯಾಲ ಬಾಡಿಗೆ ಟ್ರಾಕ್ಟರ್ ಬಂತು, ಎತ್ತು ಮಾರಿದ್ರು. ಎಮ್ಮೆ ಸತ್ತೋಯ್ತು. ಎರಡು ಹಸದ ಸಗಣೀಲಿ ಹಾಲು ಕಾಯ್ಸೋವಷ್ಟೇ ಗ್ಯಾಸು. ಚಳಿಗಾಲದಲ್ಲಿ ಅದೂ ಇಲ್ಲ. ಡ್ರಮ್ಮು ತುಕ್ಕು ಹಿಡೀತು, ಗುಂಡಿ ಮುಚ್ಚುದೊ. ಗ್ಯಾಸ್ ಕೆಟ್ಟದ್ದಲ್ಲ, ಕೊಟ್ಟಿಗೆ ಖಾಲಿ ಆಗಿದ್ದು.

ಇದೇ ಲೆಕ್ಕನ ಒಂದು ಇಡೀ ಊರು ಮಾಡಿ ನೋಡದ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿ. ಬೆಂಗಳೂರಲ್ಲಿ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅಲ್ಲಿ ಅಮೂಲ್ಯ ರೆಡ್ಡಿ ಅನ್ನೋ ವಿಜ್ಞಾನಿ 1974ರಲ್ಲಿ ಹಳ್ಳಿಗೆ ಆಗೋ ತಂತ್ರಜ್ಞಾನಕ್ಕೇ ಅಂತ 'ಅಸ್ತ್ರ' ಕೇಂದ್ರ ಶುರು ಮಾಡಿದ್ರು. ಮೂರು ಪಾತ್ರೆ ಒಟ್ಗ ಇಡೋ, ಹೊಗೆ ಕೊಳವೆ ಇರೋ ಅಸ್ತ್ರ ಒಲೆ ನೆನಪಿದ್ಯಾ? ಅದು ಅವರದೇ. ಪುರದಲ್ಲಿ ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಕಟ್ಟಿ ಮೊದ್ಲು ಅಡ್ಗೆಗ ಕೊಡಾಕ ನೋಡಿದ್ರು. ಎಲ್ಲಾರ ಮನೆ ಒಲೆಗಾಗೋವಷ್ಟು ಸಗಣಿ ಊರಲ್ಲಿ ಇರ್ನಿಲ್ಲ. ಜನಕ್ಕೂ ಅಡ್ಗೆ ಗ್ಯಾಸಿಗಿಂತ ಕುಡಿಯೋ ನೀರೇ ಮುಖ್ಯ ಆಗಿತ್ತು. ಅದಕ್ಕ 1987ರಲ್ಲಿ ದಾರಿ ಬದಲಾಯ್ಸಿದ್ರು. ಆ ಗ್ಯಾಸಿಗ ವಸಿ ಡೀಸೆಲ್ ಸೇರ್ಸಿ ಇಂಜಿನ್ ಓಡ್ಸಿ, ಕರೆಂಟ್ ಮಾಡಿ, ಬೋರ್‌ವೆಲ್ ನೀರೆತ್ತಿ ನಲ್ಲೀಲಿ ಬುಟ್ರು, ಸಾಯಂಕಾಲ ಮನಗ ದೀಪ ಕೊಟ್ರು. ಸಗಣಿ ತಂದವ್ರಿಗ ತೂಕ ಹಾಕಿ ಕಾಸು, ಬಗ್ಗಡನೂ ವಾಪಸ್. ಅದೇ ಸಗಣಿ, ಒಲೆಗ ಸಾಲ್ದಿದ್ದುದು ನೀರಿಗೂ ದೀಪಕ್ಕೂ ಸಾಕಾಯ್ತು. ಮೊದ್ಲು ಯಾವುದು ಬೇಕು ಅಂತ ಕೇಳಿದ್ದಕ್ಕೇ ಅದು ನಡೀತು.

ಇನ್ನು ಸೋಲಾರ್. 1995ರಲ್ಲಿ ಹರೀಶ್ ಹಂದೆ ಅನ್ನೋರು ಬೆಂಗಳೂರಲ್ಲಿ ಸೆಲ್ಕೊ ಶುರು ಮಾಡಿದ್ರು. ಹಳ್ಳಿಯವ್ರಿಗ ಸೋಲಾರ್ ಯಾತಕ್ಕ, ದುಡ್ಡೆಲ್ಲಿಂದ ತತ್ತಾರ ಅನ್ನೋ ಕಾಲ ಅದು. ಅವರು ಮಾಡಿದ್ದು ಎರಡು ಕೆಲಸ. ಬ್ಯಾಂಕು, ಗ್ರಾಮೀಣ ಬ್ಯಾಂಕು ಸುತ್ತಿ ದೀಪಕ್ಕೂ ಸಾಲ ಕೊಡ್ಸಿದ್ರು. ಕೆಟ್ರ ಮನೆ ಬಾಗ್ಲಿಗ ಬಂದು ನೋಡೋ ಜನನ ಹತ್ರದ ಊರಲ್ಲೇ ಇಟ್ರು. ತಿಂಗಳಿಗೆ 300 ರೂಪಾಯಿ ಅಂದ್ರ ಕಷ್ಟ, ದಿನಕ್ಕೆ 10 ರೂಪಾಯಿ ಅಂದ್ರ ಆಯ್ತದ ಅಂತ ಬೀದೀಲಿ ವ್ಯಾಪಾರ ಮಾಡೋ ಹೆಂಗಸೊಬ್ರು ಅವರಿಗೇ ಪಾಠ ಹೇಳಿದ್ರಂತ. ಡೈರಿಗ ಹಾಲು ಹಾಕೋ ನಮ್ಗ ಆ ಮಾತು ಬಿಡ್ಸಿ ಹೇಳ್ಬೇಕಾ? 2011ರಲ್ಲಿ ಅವರಿಗ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮನೇಲೂ 2003ರಲ್ಲಿ ಒಂದು ಸೋಲಾರ್ ಲಾಟೀನು ತಂದಿದ್ದೊ, ಜಾತ್ರೇಲಿ. ಎರಡು ವರ್ಷ ಚೆನ್ನಾಗಿ ಉರೀತು. ಬ್ಯಾಟರಿ ಸತ್ತೋಯ್ತು. ಎಲ್ಲಿ ಸಿಗ್ತದ ಅಂತ ನಂಜನಗೂಡು, ಮೈಸೂರು ಸುತ್ತುದೊ, ಸಿಗ್ನಿಲ್ಲ. ಪ್ಲೇಟು ಇವತ್ತಿಗೂ ಚೆನ್ನಾಗದ, ಅಟ್ಟದ ಮ್ಯಾಲ. ಮಾರಿದವ್ರು ಯಾರು ಅಂತ ನಾವೂ ಬರ್ದಿಟ್ಕಂಡಿರ್ನಿಲ್ಲ.

ಇಷ್ಟೆಲ್ಲ ನೆನಪು ಮಾಡ್ಕಂಡು, ಈ ಭಾನ್ವಾರ ವಾರಗಿತ್ತಿ ಮನಗ ಹೋದೆ. ಕ್ಯಾಲೆಂಡರ್ ಹಿಂದೆ ಇಬ್ರೂ ಲೆಕ್ಕ ಬರ್ದೊ. 9 ವ್ಯಾಟಿನ ಎಲ್ಇಡಿ ಬಲ್ಬು ಐದು, ದಿನಕ್ಕ 5 ಗಂಟೆ: 225. ಕಮ್ಮಿ ಕರೆಂಟಿನ ಹೊಸ ತರದ ಫ್ಯಾನು ಒಂದು, 30 ವ್ಯಾಟು, 8 ಗಂಟೆ: 240. ಟಿವಿ 50 ವ್ಯಾಟು, 3 ಗಂಟೆ: 150. ಫೋನು ಎರಡಕ್ಕ 30. ಮಿಕ್ಸಿ ಹತ್ತು ನಿಮಿಷಕ್ಕ 85. ಒಟ್ಟು 730, ಅಂದ್ರ ಮುಕ್ಕಾಲು ಯೂನಿಟ್ ಕೂಡ ಇಲ್ಲ. ಹಳೇ 60 ವ್ಯಾಟಿನ ಬಲ್ಬೇ ಐದು ಹಾಕಿದ್ರ ಬರೀ ದೀಪಕ್ಕೇ ಒಂದೂವರೆ ಯೂನಿಟ್ ಆಯ್ತಿತ್ತು.

ನಮ್ಮ ಕಡೆ ದಿನಕ್ಕ ಐದು ಗಂಟೆ ಪೂರ್ತಿ ಬಿಸಿಲು ಅಂತ ಇಟ್ಕಂಡ್ರ, 200 ವ್ಯಾಟಿನ ಪ್ಲೇಟು ಒಂದು ಯೂನಿಟ್ ಕೊಡ್ತದ. ದಾರೀಲಿ, ಬ್ಯಾಟರೀಲಿ ಕಾಲು ಭಾಗದ ಮ್ಯಾಲೇ ಸೋರ್ತದ. ಆಷಾಢದ ಮೋಡನೂ ಅದ. ಅದಕ್ಕ 400 ವ್ಯಾಟು ಬೇಕು. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಒಂದರಲ್ಲಿ 1800 ಇರ್ತದ, ಆದ್ರ ಅರ್ಧಕ್ಕಿಂತ ಜಾಸ್ತಿ ಹೀರುದ್ರ ಬೇಗ ಸಾಯ್ತದ. ಅದಕ್ಕ ಎರಡು. ಹೆಂಗ್ ನೋಡ್ಕಂಡ್ರೂ ನಾಕೈದು ವರ್ಷಕ್ಕ ಬದಲಾಯ್ಸ್ಬೇಕು, ಆ ದುಡ್ಡು ಈಗ್ಲಿಂದ್ಲೇ ಎತ್ತಿಡ್ಬೇಕು. ಡಿಸ್ಟಿಲ್ಡ್ ವಾಟರ್ ನೋಡೋದು ಯಾರ ಕೆಲಸ ಅಂತಾನೂ ಮೊದ್ಲೇ ಮಾತಾಡ್ಕಳಿ ಅಂದೆ.

ಫ್ರಿಜ್ಜು ಸೇರ್ಸಿದ್ರ ದಿನಕ್ಕ ಇನ್ನೊಂದು ಯೂನಿಟ್, ಎಲ್ಲಾ ಡಬ್ಬಲ್ಲಿಗಿಂತ ಜಾಸ್ತಿ ಆಯ್ತದ. ಅವಳೇ ಪೆನ್ನು ತಕ್ಕಂಡು ಅದನ್ನ ಹೊಡೆದಾಕುದ್ಲು. ಗೀಜರ್ರು, ಇಸ್ತ್ರಿ ಪೆಟ್ಟಿಗೆ ಮಾತೇ ಇಲ್ಲ. ಬಿಸಿನೀರಿಗ ಒಲೆ ಹಂಡೆ ಇರ್ಲಿ, ಮುಂದ ಆದ್ರ ಸೋಲಾರ್ ನೀರು ಕಾಯ್ಸೋದು ಹಾಕುಸ್ಲಿ. ಬೋರಿನ ಮೋಟ್ರಿಗ ಬೇರೇನೇ ಸೋಲಾರ್ ಪಂಪು ಬತ್ತದ, ಅದಕ್ಕ 2019ರಿಂದ ಕುಸುಮ್ ಯೋಜನೆ ಅದ. ಹಗಲು ನೀರೆತ್ತಿ ತೊಟ್ಟಿ ತುಂಬ್ಸ್ಕಂಡ್ರ ಬ್ಯಾಟರಿ ಬೇಕಿಲ್ಲ.

ಗೋಬರ್ ಗ್ಯಾಸು? ಅವಳ ಹತ್ರ ಮೂರು ಹಸ ಅವ. ಇನ್ನೆರಡು ಕಟ್ಟೋ ಗಂಟ ಬ್ಯಾಡ ಅಂದೆ. ಗಾಳಿ ಫ್ಯಾನು ಚಿತ್ರದುರ್ಗ, ಗದಗದ ಗುಡ್ಡದ ಮ್ಯಾಲ ಸರಿ, ನಮ್ಮ ಬಯಲ ತೆಂಗಿನ ಮರದ ನಡುವ ವರ್ಷವೆಲ್ಲ ಅಷ್ಟು ಗಾಳಿ ಇಲ್ಲ. ಮಲೆನಾಡಲ್ಲಿ ತೋಟದ ಮನೆಯವ್ರು ಗುಡ್ಡದ ಹಳ್ಳದ ನೀರನ್ನ ಪೈಪಲ್ಲಿ ಇಳ್ಸಿ ಚಿಕ್ಕ ಚಕ್ರ ತಿರುಗ್ಸಿ ಕರೆಂಟ್ ಮಾಡ್ಕತಾರ. ನಮ್ಮ ನಾಲೆ ನೀರು ಸಮತಟ್ಟಲ್ಲಿ ಹರೀತದ, ಅದಕ್ಕ ಬೀಳೋ ಜಾಗ ಇಲ್ಲ.

ಇನ್ನೊಂದು ವಿಷ್ಯ ಎಲ್ಲಾರೂ ತಿಳ್ಕಳಿ. 2024ರಲ್ಲಿ ಬಂದ ಸೂರ್ಯಘರ್ ಸಬ್ಸಿಡಿ ಲೈನ್ ಇರೋ ಮನಗ. ಬ್ಯಾಟರಿ ಇಲ್ದ ಲೈನಿಗ ಕಟ್ಟಿದ ಆ ಸೋಲಾರು, ಊರ ಕರೆಂಟ್ ಹೋದ್ರ ತಾನೂ ನಿಲ್ತದ. ಇಲ್ದಿದ್ರ ಕಂಬ ಹತ್ತಿರೋ ಲೈನ್‌ಮನ್‌ಗ ಹೊಡೀತದ. 2023ರ ಗೃಹಜ್ಯೋತಿಗೂ ಮೀಟ್ರು ಬೇಕು. ಅಂಗಾಗಿ ಲೈನಿಗ ಹಾಕಿರೋ ಅರ್ಜಿ ಮಾತ್ರ ವಾಪಸ್ ತಕ್ಕಬ್ಯಾಡ ಅಂದೆ.

ಕಡೇಗ ಬಲ್ಬು ಎಲ್ಲೆಲ್ಲಿ ಅಂತ ಕೇಳ್ದೆ. ಮೈದ್ನ ಪಡಸಾಲೆಗ ಎರಡು ಅಂದ. ವಾರಗಿತ್ತಿ ತಲೆ ಎತ್ತಿ ನೋಡುದ್ಲು. ಅವ್ವನ ಭಾಗ್ಯಜ್ಯೋತಿ ಬಲ್ಬಿನ ಕಥೆ ಅವನಿಗ ಹೇಳ್ದೆ. ಸುಮ್ಕ ಕೇಳುಸ್ಕಂಡ. ಈಗ ಅಡ್ಗೆಮನೆಗ ಒಂದು, ಮಗಳು ಓದೋ ಜಾಗಕ್ಕ ಒಂದು, ಕೊಟ್ಟಿಗೆಗ ಒಂದು, ಬಚ್ಚಲ ಕಡೆ ಒಂದು. ಪಡಸಾಲೆಗ ಉಳಿದ ಒಂದು.

ಹತ್ರದಲ್ಲಿ ರಿಪೇರಿ ಜನ ಇರೋ ಕಡೆ ಎರಡು ಅಂಗಡೀಲಿ ದರ ಕೇಳಿ ಬತ್ತೀನಿ ಅಂತ ಹೋಗವ್ನ ಮೈದ್ನ. ಒಕ್ಕಲಾಗೋ ದಿನ ಗೊತ್ತಾದ ಕೂಡ್ಲೇ ಹೇಳ್ತೀನಿ, ಎಲ್ಲಾರೂ ಬನ್ನಿ. ವಸಿ ಹೊತ್ತು ಮುಳುಗೋ ಗಂಟ ಇದ್ದು, ದೀಪ ಹಚ್ಚೋದ ನೋಡ್ಕಂಡು ಹೋಗಿ.