ಹೆಸರು ಬರುವ ಮೊದಲಿನ ಚಿತ್ರ

ನೆದರ್‌ಲ್ಯಾಂಡ್ಸ್ ದೇಶದ ನಡುಭಾಗದಲ್ಲಿ ಆಮರ್ಸ್‌ಫೋರ್ಟ್ ಎಂಬ ಹಳೆಯ ಊರಿದೆ. ಚಿತ್ರಕಾರ ಪೀಟ್ ಮೊಂಡ್ರಿಯಾನ್ 1872ರಲ್ಲಿ ಹುಟ್ಟಿದ್ದು ಇಲ್ಲಿ. ಎಂಟು ವರ್ಷದ ಹುಡುಗನಾಗಿದ್ದಾಗಲೇ ಮನೆಯವರೊಂದಿಗೆ ಊರು ಬಿಟ್ಟರು. ಮುಂದೆ ಅವರಿಗೆ ಹೆಸರು ತಂದ ಬಣ್ಣದ ಚೌಕಗಳಲ್ಲಿ ಒಂದನ್ನೂ ಈ ಊರಿನಲ್ಲಿ ಬರೆದದ್ದಲ್ಲ. 1944ರಲ್ಲಿ ತೀರಿಕೊಂಡದ್ದೂ ದೂರದ ನ್ಯೂಯಾರ್ಕ್‌ನಲ್ಲಿ. ಆದರೂ ಆಮರ್ಸ್‌ಫೋರ್ಟಿನವರು ಅವರು ಹುಟ್ಟಿದ ಮನೆಯನ್ನು ಮ್ಯೂಸಿಯಂ ಮಾಡಿ ಇಟ್ಟುಕೊಂಡಿದ್ದಾರೆ. ಕಲಾವಿದನ ಮೊದಲ ವರ್ಷಗಳಿಗೆ ಇಷ್ಟು ಬೆಲೆ ಕೊಟ್ಟಿರುವುದನ್ನು ನೋಡಿದಾಗ ನಮಗೆ ನೆನಪಾಗುವುದು ಒಂದು ಫೋಟೊ ಪುಸ್ತಕ.

ಅದರ ಹೆಸರು ‘ಯಂಗ್ ಬಾಬ್’. 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರನ್ನು 1962ರಲ್ಲಿ ಜಾನ್ ಕೋಹೆನ್ ತೆಗೆದ ಚಿತ್ರಗಳು ಅದರಲ್ಲಿವೆ. ಡಿಲನ್ ಅವರ ಫೋಟೊ ಪುಸ್ತಕಗಳಿಗೆ ಬರವಿಲ್ಲ. 1964 ಮತ್ತು 65ರಲ್ಲಿ ಡೇನಿಯಲ್ ಕ್ರೇಮರ್ ತೆಗೆದವು ಹೆಚ್ಚು ಪ್ರಸಿದ್ಧ. ಆದರೆ ಕ್ರೇಮರ್ ಬರುವ ಹೊತ್ತಿಗೆ ಡಿಲನ್ ಹೆಸರು ಮಾಡಿಯಾಗಿತ್ತು. ಕೋಹೆನ್ ಅವರ ಕ್ಯಾಮೆರಾದ ಮುಂದೆ ನಿಂತದ್ದು ಇಪ್ಪತ್ತರ ಆಸುಪಾಸಿನ ಹುಡುಗ. ತಲೆಗೊಂದು ಟೋಪಿ, ಕೈಯಲ್ಲಿ ಗಿಟಾರ್, ಹಿಂದೆ ನ್ಯೂಯಾರ್ಕ್ ಕಟ್ಟಡವೊಂದರ ತಾರಸಿ. 1961ರ ಜನವರಿಯಲ್ಲಿ ಊರು ಬಿಟ್ಟು ಬಂದವನು, ನಮ್ಮಲ್ಲಿ ಅನೇಕರು ಬಂದ ಹಾಗೆಯೇ. 1962ರ ಮಾರ್ಚಿನಲ್ಲಿ ಅವನ ಮೊದಲ ಎಲ್‌ಪಿ ರೆಕಾರ್ಡ್ ಹೊರಬಂತು; ಮೊದಲ ವರ್ಷ ಮಾರಾಟವಾದದ್ದು ಸುಮಾರು 5,000 ಪ್ರತಿ. ಕಂಪನಿಗೆ ಅದು ಸೋಲಿನ ಲೆಕ್ಕ. ಇದೇ ಹುಡುಗನಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬರುತ್ತದೆಂದು ಯಾರೂ ಕನಸು ಕಂಡಿರಲಿಲ್ಲ.

ಕೋಹೆನ್ ಯಾವ ಪತ್ರಿಕೆಯೂ ಕಳಿಸಿದ ಫೋಟೊಗ್ರಾಫರ್ ಆಗಿರಲಿಲ್ಲ. ಅವರೂ ಹಾಡುಗಾರರೇ. 1958ರಲ್ಲಿ ಇನ್ನಿಬ್ಬರೊಂದಿಗೆ ‘ನ್ಯೂ ಲಾಸ್ಟ್ ಸಿಟಿ ರ‍್ಯಾಂಬ್ಲರ್ಸ್’ ಎಂಬ ಮೇಳ ಕಟ್ಟಿ ಹಳ್ಳಿಯ ಹಳೆಯ ಹಾಡುಗಳನ್ನು ಹಾಡುತ್ತಿದ್ದರು. 1959ರಲ್ಲಿ ಕೆಂಟಕಿಯ ಗಣಿ ಹಳ್ಳಿಗಳಿಗೆ ಹೋಗಿ ಕೂಲಿಯಾಳು ರಾಸ್ಕೊ ಹಾಲ್ಕಂಬ್ ಅವರ ಹಾಡನ್ನು ಹೊರಜಗತ್ತಿಗೆ ತಿಳಿಸಿದರು. ಪೆರುವಿನ ಬೆಟ್ಟದ ಹುಡುಗಿಯೊಬ್ಬಳ ಮದುವೆ ಹಾಡನ್ನು ಧ್ವನಿಮುದ್ರಿಸಿಕೊಂಡರು. 1977ರಲ್ಲಿ ವೊಯೇಜರ್ ನೌಕೆಯೊಂದಿಗೆ ಆಕಾಶಕ್ಕೆ ಹೋದ ಚಿನ್ನದ ತಟ್ಟೆಯಲ್ಲಿ ಆ ಹಾಡಿದೆ. ನಮ್ಮ ಪಕ್ಕದ ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಅದೇ ತಟ್ಟೆಯಲ್ಲಿದೆ. ಕೋಹೆನ್ 2019ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಹಾಡಿನ ಮೇಲಿನ ಪ್ರೀತಿಯಿಂದ ಸ್ನೇಹಿತನೊಬ್ಬ ಕ್ಯಾಮೆರಾ ಹಿಡಿದ, ಅಷ್ಟೇ. ಪುಸ್ತಕವಾಗಲು ಅದಕ್ಕೆ ನಲವತ್ತು ವರ್ಷ ಬೇಕಾಯಿತು.

ಡಿಲನ್ ಬೆಳೆದ ಹಿಬ್ಬಿಂಗ್ ಕಬ್ಬಿಣದ ಅದಿರಿನ ಊರು. ಅದಿರು ಎಂದಕೂಡಲೇ ನಮ್ಮ ಮನಸ್ಸು ಸಂಡೂರಿಗೆ ಹೋಗುತ್ತದೆ. ಆ ತಾಲ್ಲೂಕಿನ ದರೋಜಿಯವರು ಬುರ್ರಕಥಾ ಈರಮ್ಮ. ಸುಮಾರು 1930ರಲ್ಲಿ ಹುಟ್ಟಿದವರು, ಬುಡ್ಗ ಜಂಗಮ ಸಮುದಾಯದವರು. ಓದು ಬರಹ ಇಲ್ಲ. ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಕುಮಾರರಾಮನ ಕಥೆಯನ್ನು ಎತ್ತಿಕೊಂಡರೆ ರಾತ್ರಿಗಳು ಕಳೆಯಬೇಕು. ರಾಜ್ಯೋತ್ಸವ ಪ್ರಶಸ್ತಿ 1999ರಲ್ಲಿ ಬಂತು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ನಾವು ನೋಡಿದ ಈರಮ್ಮನವರ ಚಿತ್ರಗಳೆಲ್ಲ ಮುದುಕಿಯ ಚಿತ್ರಗಳೇ. ಶಾಲು ಹೊದ್ದ, ಸುಕ್ಕುಗಟ್ಟಿದ ಮುಖ. ಡಿಲನ್ ತಾರಸಿಯ ಮೇಲೆ ನಿಂತಾಗ ಈರಮ್ಮನವರಿಗೆ ಮೂವತ್ತೆರಡರ ಆಸುಪಾಸು. ಗಂಟಲು ತುಂಬು ಬಲದಲ್ಲಿದ್ದ ಕಾಲ. ಹುಡುಗಿಯಾಗಿದ್ದಾಗ ಹಿರಿಯರ ಜೊತೆ ಹೇಗೆ ನಿಂತು ಸೊಲ್ಲು ಕೊಟ್ಟರು, ಯಾವ ಕಣದಲ್ಲಿ, ಯಾವ ಗುಡಿಯ ಮುಂದೆ, ಎದುರಿಗೆ ಯಾರು ಕೂತಿದ್ದರು? ಕಾಣುವ ಬಗೆಯಿಲ್ಲ. ನಾಡಿನಲ್ಲಿ ಕ್ಯಾಮೆರಾ ಇರಲಿಲ್ಲ ಎನ್ನುವಂತಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಆ ವೇಳೆಗೆ ಹೊರದೇಶದ ಪತ್ರಿಕೆಗಳಿಗೂ ಚಿತ್ರ ಕೊಡುತ್ತಿದ್ದರು. ಆದರೆ ಮನೆ ಬಾಗಿಲಿಗೆ ಬಂದು ಹಾಡಿ ಕಾಳು ಕೇಳುವ ಹೆಂಗಸಿನತ್ತ ಕ್ಯಾಮೆರಾ ತಿರುಗಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬಡತನದಷ್ಟೇ ಜಾತಿಯೂ ಇದಕ್ಕೆ ಕಾರಣ ಎನ್ನಲು ನಾವು ಹಿಂಜರಿಯುವುದಿಲ್ಲ. ಎಚ್.ಎಲ್. ನಾಗೇಗೌಡರ ಜಾನಪದ ಪರಿಷತ್ತು ಬಂದದ್ದು 1979ರಲ್ಲಿ, ರಾಮನಗರದ ಜಾನಪದ ಲೋಕ 1994ರಲ್ಲಿ. ಅವರು ಮಾಡಿದ ಉಪಕಾರ ದೊಡ್ಡದು. ಆದರೆ ಅಷ್ಟರಲ್ಲಿ ಆ ತಲೆಮಾರಿನ ಪ್ರಾಯ ಕಳೆದಿತ್ತು.

ಹೊರಗಿನವರೊಬ್ಬರು ಮಾತ್ರ ಅದಕ್ಕೂ ಮೊದಲೇ ಬಂದಿದ್ದರು. ಆಮರ್ಸ್‌ಫೋರ್ಟಿಗೆ ಹತ್ತಿರದ ಹಿಲ್ವರ್ಸಮ್‌ನಲ್ಲಿ 1899ರಲ್ಲಿ ಹುಟ್ಟಿದ ಆರ್ನಾಲ್ಡ್ ಬಾಕೆ. 1925ರಲ್ಲಿ ಶಾಂತಿನಿಕೇತನಕ್ಕೆ ಬಂದು ಟಾಗೋರರ ಹಾಡು ಕಲಿತವರು. 1938ರಲ್ಲಿ ಧ್ವನಿಮುದ್ರಣ ಯಂತ್ರ, ಮೂಕಿ ಚಿತ್ರದ ಕ್ಯಾಮೆರಾ ಹೊತ್ತು ದಕ್ಷಿಣ ಭಾರತ ಸುತ್ತಿದರು. ಇಂದಿನ ಕೇರಳ, ತಮಿಳುನಾಡು, ಕರ್ನಾಟಕ ಮೂರೂ ಆ ತಿರುಗಾಟದಲ್ಲಿವೆ. ಬಾಕೆ 1963ರಲ್ಲಿ ತೀರಿಕೊಂಡರು. 1984ರಲ್ಲಿ ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್, ಪತ್ನಿ ಏಮಿ ಕ್ಯಾಟ್ಲಿನ್ ಜೊತೆಗೂಡಿ ಅದೇ ದಾರಿಯಲ್ಲಿ ಮತ್ತೆ ಹೊರಟರು. ನಲವತ್ತಾರು ವರ್ಷಗಳಲ್ಲಿ ಯಾವ ಕಲೆ ಉಳಿದಿದೆ, ಯಾವುದು ಬದಲಾಗಿದೆ ಎಂದು ನೋಡಿ ಬರೆದರು. ಇದು ಸಾಧ್ಯವಾದದ್ದು ಬಾಕೆ ಎಲ್ಲಿ, ಯಾವಾಗ, ಏನನ್ನು ಮುದ್ರಿಸಿಕೊಂಡೆ ಎಂದು ಗುರುತು ಹಾಕಿಟ್ಟಿದ್ದರಿಂದ.

ಈಗ ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಊರಿನ ಮದುವೆ, ಜಾತ್ರೆಗಳ ವಿಡಿಯೊ ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಬಿದ್ದಿರುತ್ತದೆ. ಮೊನ್ನೆ ಅಂಥದ್ದೊಂದು ಬಂತು. ಮೂವರು ಹೆಂಗಸರು ಸೋಬಾನೆ ಹಾಡುತ್ತಿದ್ದಾರೆ. ನಡುವೆ ಕೂತ ಹುಡುಗಿಗೆ ಹದಿನೈದೋ ಹದಿನಾರೋ, ದನಿಯಂತೂ ಗಂಟೆಯ ಹಾಗಿದೆ. ಯಾರ ಮಗಳು, ಯಾವ ಊರು ಎಂದು ಕೇಳಿದೆವು. ಕಳಿಸಿದವರು ತಮಗೆ ಕಳಿಸಿದವರನ್ನು ಕೇಳಿದರು, ಅವರು ಇನ್ನೊಬ್ಬರನ್ನು ಕೇಳಿದರು. ಉತ್ತರ ಇನ್ನೂ ಬಂದಿಲ್ಲ.